ಬೀಚ್ ಮರದ ಕೆಳಗೆ ಆಬ್ರಿ

ನನ್ನ ಮೈದುನ ಮರ್ವಿನ್ ಪ್ರೊಸರ್ ಕಾಡಿಗೆ ಹೊರಟನೆಂದರೆ ಕೋಟಿನ ಒಂದು ಜೇಬಿನಲ್ಲಿ ಉಗುರು ಕತ್ತರಿ, ಇನ್ನೊಂದು ಜೇಬಿನಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪು, ಹೆಗಲ ಚೀಲದಲ್ಲಿ ಗಿಡಕ್ಕೆ ನೀರು ಚಿಮುಕಿಸುವ ಬಾಟಲಿ ಇರುತ್ತದೆ. ಕಾಡಿಗೆ ಕ್ಷೌರ ಮಾಡಿಸಿ, ಮುಖ ತೊಳೆಸಿ, ಆಮೇಲೆ ಅದರ ಫೋಟೊ ತೆಗೆಯುವುದು ಅವನ ಪದ್ಧತಿ. ಅಡ್ಡ ಬಂದ ಮುಳ್ಳುಬಳ್ಳಿಯನ್ನು ಕ್ಲಿಪ್ಪು ಹಾಕಿ ಹಿಂದಕ್ಕೆ ಕಟ್ಟುತ್ತಾನೆ. ಒಣಹುಲ್ಲಿನ ಎಳೆಯೊಂದು ತಲೆ ಎತ್ತಿದ್ದರೆ ಕಚಕ್ ಎಂದು ಕತ್ತರಿಸುತ್ತಾನೆ. ಎಲೆಗಳಿಗೆ ನೀರು ಹೊಡೆದು ಈಗ ತಾನೇ ಮಳೆ ನಿಂತ ಹಾಗೆ ಮಾಡುತ್ತಾನೆ. ನಮ್ಮ ಹಿಯರ್‌ಫರ್ಡ್ ಸೀಮೆಯಲ್ಲಿ ಮಳೆಗೇನು ಬರವೇ? ಒಂದು ಗಳಿಗೆ ಸುಮ್ಮನೆ ನಿಂತರೆ ಅದೇ ಬಂದು ಬೀಳುತ್ತದೆ. ಸುಮ್ಮನೆ ನಿಲ್ಲುವುದು ಈ ಜನಕ್ಕೆ ಗೊತ್ತಿಲ್ಲ.

ಈ ಜನ ಎಂದರೆ ಲಿಡ್‌ಬ್ರಿಜ್ ಕ್ಯಾಮೆರಾ ಕ್ಲಬ್ಬಿನವರು. ಪ್ರತಿ ಗುರುವಾರ ಸಂಜೆ ಚರ್ಚಿನ ಹಾಲಿನಲ್ಲಿ ಸೇರುತ್ತಿದ್ದರು. ನನ್ನ ಗಂಡ ಐವರ್ ಬದುಕಿದ್ದಾಗ ಅವರಿಗೆಲ್ಲ ಟೀ ಮಾಡಿಕೊಡುತ್ತಿದ್ದ. ಅವನು ಹೋದ ಮೇಲೆ ಕೆಟಲಿನ ಜೊತೆಗೆ ಆ ಕೆಲಸವೂ ನನಗೆ ಬಂತು. ಹಾಗಾಗಿ ಅಡಿಗೆಮನೆಯ ಕಿಟಕಿಯಿಂದ ನಾನು ನೋಡಿರುವಷ್ಟು ಮರದ ಫೋಟೊಗಳನ್ನು ಯಾವ ಹೆಂಗಸೂ ನೋಡಿರಲಾರಳು. ಕೆಲವದರಲ್ಲಿ ನಾನೂ ಇದ್ದೇನೆ. ಫೋಟೊ ಪಂದ್ಯಗಳ ತೀರ್ಪುಗಾರರಿಗೆ ಕಾಡಿನ ಮಧ್ಯೆ ಒಂದು ಕೆಂಪು ಕೋಟು ಕಂಡರೆ ಪ್ರಾಣ ಎಂದು ಯಾರೋ ಹೇಳಿದರಂತೆ. ಸರಿ, ಊರಿನ ಹೆಂಡಂದಿರಿಗೆಲ್ಲ ಕೆಂಪು ಕೋಟು ಬಂತು. ಚಳಿಯಲ್ಲಿ ಮೂಗು ಸೋರಿಸುತ್ತಾ ಪಾದದ ಮೇಲೆ ಪಾದ ಇಟ್ಟು ನಿಂತ ನನ್ನ ಚಿತ್ರಕ್ಕೆ ಮರ್ವಿನ್ ಇಟ್ಟ ಹೆಸರು 'ಧ್ಯಾನ'.

ತೀರ್ಪುಗಾರರ ವಿಷಯ ಕೇಳಲೇಬೇಡಿ. ಬೇರೆ ಊರಿನಿಂದ ಬರುತ್ತಾರೆ, ಕೈಯಲ್ಲಿ ಒಂದು ಕಡ್ಡಿ ಹಿಡಿದಿರುತ್ತಾರೆ. ಮೂರು ಮರ ಇದ್ದರೆ ಚೆನ್ನ, ಎರಡಿದ್ದರೆ ಕೆಟ್ಟದ್ದು. ಕಾಲುದಾರಿ ಎಡಗಡೆಯ ಕೆಳಮೂಲೆಯಿಂದಲೇ ಒಳಗೆ ಬರಬೇಕು. ಪಾಪ, ಮರಗಳಿಗೆ ಮೊದಲೇ ಗೊತ್ತಿದ್ದರೆ ಹಾಗೇ ಬೆಳೆಯುತ್ತಿದ್ದವೇನೋ.

ಮರ್ವಿನ್ ಕೆಟ್ಟವನಲ್ಲ, ಹುಟ್ಟಿದಾಗಿನಿಂದ ನೆಟ್ಟಗೆ ನಿಂತವನು ಅಷ್ಟೇ. ನಿವೃತ್ತಿಯಾಗುವವರೆಗೆ ಕಾರು ಓಡಿಸುವ ಪರೀಕ್ಷೆ ತೆಗೆದುಕೊಳ್ಳುವ ಅಧಿಕಾರಿಯಾಗಿದ್ದ. ಪಕ್ಕದ ಸೀಟಿನಲ್ಲಿ ಕೂತು, ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು, ಇಡೀ ಊರನ್ನು ಫೇಲು ಮಾಡಿದ. ಪಾದ್ರಿಯನ್ನು ಫೇಲು ಮಾಡಿದ. ತನ್ನ ಹಲ್ಲು ಕೀಳಬೇಕಾಗಿದ್ದ ಡಾಕ್ಟರನ್ನು ಅದರ ಹಿಂದಿನ ದಿನವೇ ಫೇಲು ಮಾಡಿದ. ಅಂಥ ದಡ್ಡತನ ನಾನು ಬೇರೆಲ್ಲೂ ನೋಡಿಲ್ಲ. ಸ್ವಂತ ಅಣ್ಣನ ಹೆಂಡತಿಯಾದ ನನ್ನನ್ನೂ ಬಿಡಲಿಲ್ಲ. ಚಕ್ರ ಫುಟ್‌ಪಾತಿನ ಅಂಚಿಗೆ ಒಂದಿಷ್ಟು ಸವರಿತು, ಬೆಕ್ಕು ಕಾಲಿಗೆ ಸವರುವ ಹಾಗೆ.

"ಮಿಸೆಸ್ ಪ್ರೊಸರ್, ತಿಳಿಸೋಕೆ ಬೇಜಾರಾಗುತ್ತೆ, ನೀವು ಪಾಸಾಗಿಲ್ಲ" ಎಂದ.

"ಮಿಸೆಸ್ ಪ್ರೊಸರ್ ಅಂತೆ! ಭಾನುವಾರ ನನ್ನ ಮನೆ ಮೇಜಿನ ಮೇಲೆ ಕುರಿಮಾಂಸ ತಿಂದೋನು ನೀನೇ ಅಲ್ವೇನೋ?"

"ಅದು ಭಾನುವಾರ. ಇವತ್ತು ಮಂಗಳವಾರ" ಎಂದು ಸಹಿ ಹಾಕಿದ.

ಅಂಥವನನ್ನು ಯಾರು ಮದುವೆಯಾಗುತ್ತಾರೆ? ಯಾರೂ ಆಗಲಿಲ್ಲ. ಕೆಲಸ ಮುಗಿದ ಮೇಲೆ ಉಳಿದದ್ದು ಕ್ಲಬ್ಬು, ಅದರಲ್ಲಿ ಅಧ್ಯಕ್ಷನ ಕುರ್ಚಿ. ನಿಜವಾಗಿ ಅದು ಹಾಲಿನ ಮಡಚುವ ಕುರ್ಚಿಯೇ, ತೋಳು ಇದೆ, ಅಷ್ಟೇ ವ್ಯತ್ಯಾಸ. ಗುರುವಾರ ಬೆಳಿಗ್ಗೆಯಿಂದಲೇ ಅವನ ಷೂ ಹೊಳೆಯುತ್ತಿತ್ತು. ಉಳಿದ ದಿನಗಳಲ್ಲಿ ಅವನು ಏನು ಮಾಡುತ್ತಿದ್ದನೆಂದು ನನ್ನನ್ನು ಕೇಳಬೇಡಿ. ಒಮ್ಮೆ ಬುಧವಾರ ಹೋಗಿ ನೋಡಿದೆ, ಟೀವಿಯನ್ನು ಹಾಕದೆ ಅದರ ಎದುರಿಗೆ ಕೂತಿದ್ದ.

ಇನ್ನು ಆಬ್ರಿ ಸ್ಟ್ಯಾಲರ್ಡ್. ಹೈ ಸ್ಟ್ರೀಟಿನಲ್ಲಿ ಷೂ ಅಂಗಡಿ ಇಟ್ಟಿದ್ದವನು, ಮರ್ವಿನ್ನನಿಗೆ ಸ್ಕೂಲಿನಿಂದ ಗೆಳೆಯ, ಮಾತಿನ ಮಲ್ಲ. ಬಿಗಿ ಷೂ ಕೊಟ್ಟು "ಹಾಕ್ತಾ ಹಾಕ್ತಾ ಸಡಿಲ ಆಗುತ್ತಮ್ಮ" ಎನ್ನುತ್ತಿದ್ದ. ನನ್ನ ಕಿರುಬೆರಳು ಇನ್ನೂ ಅದಕ್ಕೆ ಸಾಕ್ಷಿ. ಈ ಇಬ್ಬರೂ ಸೇರಿಯೇ ಕ್ಲಬ್ಬು ಕಟ್ಟಿದ್ದು. ಒಂದು ವರ್ಷ ಆಬ್ರಿ ಒಂದು ಓಕ್ ಮರದ ಚಿತ್ರ ತಂದ. ಎಲ್ಲರೂ ಆಹಾ ಎಂದರು, ಆ ವರ್ಷದ ಬಹುಮಾನದ ಕಪ್ಪು ಅವನಿಗೇ ಬಂತು. ಮರ್ವಿನ್ ಮಾತ್ರ ಚಿತ್ರದ ಹತ್ತಿರ ಹೋಗಿ, ಕನ್ನಡಕ ಏರಿಸಿ, ಇಳಿಸಿ, ಕೇಳಿದ.

"ಆಬ್ರಿ, ಕರೆಂಟು ಕಂಬ ಎಲ್ಲಿ?"

"ಯಾವ ಕಂಬ?"

"ಓಕ್ ಮರದ ಬಲಗಡೆ ಒಂದು ಕಂಬ ಇದೆ. ಇಪ್ಪತ್ತು ವರ್ಷ ಜನರ ಕೈಲಿ ಅದೇ ಕಂಬದ ಹತ್ರ ಕಾರು ಹಿಂದಕ್ಕೆ ತೆಗೆಸಿದೀನಿ. ಎಲ್ಹೋಯ್ತು?"

ಕಂಪ್ಯೂಟರಿನಲ್ಲಿ ಅಳಿಸಿದ್ದ. ಕಂಬದಿಂದ ಮರಕ್ಕೇನೂ ಶೋಭೆ ಇರಲಿಲ್ಲ ಎಂದು ಆಬ್ರಿ ವಾದಿಸಿದ. ಇದ್ದದ್ದನ್ನು ಇಲ್ಲ ಎನ್ನುವುದು ಸುಳ್ಳು ಎಂದು ಮರ್ವಿನ್ ಕಪ್ಪು ಹಿಂದಕ್ಕೆ ಕಸಿದ. ನೋಡಿ ಇವರ ಧರ್ಮಶಾಸ್ತ್ರ: ಕಾಡಿನಲ್ಲಿ ಕತ್ತರಿಯಿಂದ ಕತ್ತರಿಸಬಹುದು, ಕಂಪ್ಯೂಟರಿನಲ್ಲಿ ಕತ್ತರಿಸಿದರೆ ಮಹಾಪಾಪ. ಆಬ್ರಿ ಅರ್ಧ ಜನರನ್ನು ಕರೆದುಕೊಂಡು ಹೋಗಿ 'ಲಿಡ್‌ಬ್ರಿಜ್ ಛಾಯಾಚಿತ್ರ ಸಂಘ' ಎಂದು ಶುರು ಮಾಡಿದ. ಅದೇ ಹಾಲಿನಲ್ಲಿ, ಸೋಮವಾರ. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಒಂದು ಕರೆಂಟು ಕಂಬಕ್ಕೋಸ್ಕರ! ಗಂಡಸರು ಹೆಣ್ಣಿಗಾಗಿ, ಹೊಲಕ್ಕಾಗಿ ಜಗಳವಾಡಿದ್ದನ್ನು ಕೇಳಿದ್ದೇನೆ.

ವರ್ಷಗಳು ಕಳೆದವು. ಎರಡೂ ಕಡೆ ಜನ ಸಾಯುತ್ತಾ ಬಂದರು, ಉಳಿದವರಿಗೆ ಮಂಡಿನೋವು ಬಂತು. ಕೊನೆಗೆ ಹಾಲಿನ ಸಮಿತಿಯವರೇ ಹೇಳಿಬಿಟ್ಟರು: ಬೆರಳೆಣಿಕೆಯ ಮುದುಕರಿಗಾಗಿ ವಾರಕ್ಕೆರಡು ಸಂಜೆ ಹೀಟರು ಉರಿಸಲಾಗುವುದಿಲ್ಲ, ಒಂದಾಗಿ ಬನ್ನಿ. ಒಂದಾಗುವುದು ಸರಿ, ಆದರೆ ಹೆಸರು ಯಾರದು, ಕುರ್ಚಿ ಯಾರದು? ಅದಕ್ಕೆ ಒಂದು 'ಸ್ನೇಹಪಂದ್ಯ' ಏರ್ಪಾಡಾಯಿತು. ವಿಷಯ, ಮರ ಮತ್ತು ಕಾಡು. ಗೆದ್ದ ಕಡೆಯ ಹೆಸರು ಉಳಿಯುತ್ತದೆ, ಗೆದ್ದ ಕಡೆಯ ಅಧ್ಯಕ್ಷ ಕೂರುತ್ತಾನೆ. ಸ್ನೇಹಪಂದ್ಯವಂತೆ! ಹಾಗೆಂದು ಹೇಳುವಾಗ ಎರಡೂ ಕಡೆಯವರ ಹಲ್ಲು ಮಾತ್ರ ಕಾಣುತ್ತಿತ್ತು.

ಮರ್ವಿನ್ ನನ್ನ ಅಡಿಗೆಮನೆಯಲ್ಲಿ ಕೂತು ಆಪಲ್ ಟಾರ್ಟನ್ನು ಚಮಚದಲ್ಲಿ ಕೆದಕುತ್ತಿದ್ದ. "ಸೋತರೆ ನಾನು ಗುರುವಾರ ಎಲ್ಲಿಗೆ ಹೋಗಲಿ, ಗ್ವೆಂಡಾ?" ಎಂದ.

"ಅಲ್ಲಿಗೇ ಹೋಗು. ತೋಳಿಲ್ಲದ ಕುರ್ಚಿ ಮೇಲೂ ಕೂರೋಕಾಗುತ್ತೆ."

"ಅವನ ಎದುರಿಗಾ?" ಎಂದು ಟಾರ್ಟನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದ. ನನ್ನ ಟಾರ್ಟನ್ನು ಅರ್ಧಕ್ಕೆ ಬಿಟ್ಟವರು ಅದುವರೆಗೆ ಯಾರೂ ಇರಲಿಲ್ಲ. ವಿಷಯ ಗಂಭೀರ ಎಂದು ಆಗ ಅರ್ಥವಾಯಿತು.

ಈಗ ಮಂಜಿನ ಮಾತು. ನಮಗೆಲ್ಲ ಮಂಜೆಂದರೆ ಬಟ್ಟೆ ಒಣಗದ ದಿನ, ಬಸ್ಸು ಬಾರದ ದಿನ. ಫೋಟೊದವರಿಗೆ ಮಂಜೆಂದರೆ ಮದುವೆಮನೆ. ಹಿಂದಿನ ಮರಗಳೆಲ್ಲ ಮಾಸಿ, ಮುಂದಿನ ಮರ ಒಂದೇ ಎದ್ದು ಕಾಣುತ್ತದಂತೆ. ಪಂದ್ಯಕ್ಕೆ ಮುಂಚಿನ ವಾರ, ಕೊನೆಗೂ ಒಂದು ದಿನ ಮಂಜು ಬೀಳುತ್ತದೆಂದು ರೇಡಿಯೋದಲ್ಲಿ ಹೇಳಿದರು. ಕೂಡಲೇ ಊರೆಲ್ಲ ಸುಳ್ಳು ಹರಡಿತು. ಮರ್ವಿನ್ ತನಗೆ ಬೆನ್ನುನೋವು, ಹಾಸಿಗೆಯಿಂದ ಏಳಲಾರೆ ಎಂದು ಅಂಚೆಕಚೇರಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ. ಆಬ್ರಿ ತಾನು ಮಗಳ ಮನೆಗೆ ಲೆಮ್‌ಸ್ಟರ್‌ಗೆ ಹೋಗುತ್ತೇನೆಂದು ಅದೇ ಅಂಚೆಕಚೇರಿಯಲ್ಲಿ ಹೇಳಿದ. ಸುಳ್ಳಿನ ವಿಷಯದಲ್ಲಿ ಇಬ್ಬರೂ ಒಂದೇ ಅಂಗಡಿಯ ಗಿರಾಕಿಗಳು.

ಮಂಜಿನ ದಿನ ಬೆಳಿಗ್ಗೆ ಮರ್ವಿನ್ ನನ್ನ ಬಾಗಿಲು ತಟ್ಟಿದ. ಮುಳ್ಳುಬಳ್ಳಿ ಹಿಡಿದುಕೊಳ್ಳಲು ನಾನು ಬೇಕಂತೆ, ಕ್ಲಿಪ್ಪು ಸಾಲದಂತೆ. ಕೈಯಲ್ಲಿ ಒಂದು ನಾಯಿಹಗ್ಗ ಬೇರೆ.

"ನಾಯಿ ಇಲ್ದೋನಿಗೆ ಹಗ್ಗ ಯಾಕೋ?"

"ಯಾರಾದ್ರೂ ಎದುರು ಬಂದ್ರೆ, ನಾಯಿ ಹುಡುಕ್ತಿದೀನಿ ಅಂತೀನಿ."

"ಹೆಗಲ ಮೇಲೆ ಕ್ಯಾಮೆರಾ ನಿಲ್ಲಿಸೋ ಈ ಮೂರುಕಾಲು ಹೊತ್ಕೊಂಡು ನಾಯಿ ಹುಡುಕ್ತೀಯಾ?"

"ಮಂಜಲ್ಲಿ ಕಾಣಲ್ಲ" ಎಂದ. ಇಂಥವನ ಕೈಗೆ ಸರ್ಕಾರ ಜನರ ಪ್ರಾಣ ಒಪ್ಪಿಸಿತ್ತು.

ಪಾರ್ಸನ್ಸ್ ಕಾಡಿಗೆ ಹೋದೆವು. ಒಳಗೆ ಕಾಲಿಟ್ಟರೆ ನಮ್ಮದೇ ಕ್ಲಬ್ಬಿನ ಖಜಾಂಚಿ ಎದುರಾದ. ಅವನ ಕೈಯಲ್ಲೂ ನಾಯಿಹಗ್ಗ. "ಬಸ್ಟರ್! ಬಸ್ಟರ್!" ಎಂದು ಕೂಗುತ್ತಿದ್ದ. ಬಸ್ಟರ್ ಸತ್ತು, ಅವನ ಹಿತ್ತಲಲ್ಲಿ ಹೂತು, ಮೇಲೆ ಗುಲಾಬಿ ಗಿಡ ಬೆಳೆದು ಯಾವ ಕಾಲವಾಯಿತು! ಮರ್ವಿನ್ ತಾನೂ "ಲ್ಯಾಸೀ!" ಎಂದು ಇಲ್ಲದ ನಾಯಿಯನ್ನು ಕೂಗಿದ. ಇಬ್ಬರೂ ಟೋಪಿ ಮುಟ್ಟಿಕೊಂಡು, ಗಂಭೀರವಾಗಿ ತಮ್ಮ ತಮ್ಮ ದಾರಿ ಹಿಡಿದರು. ನಾನು ನಗು ತಡೆಯಲಾರದೆ ಕೈಗವಸನ್ನು ಕಚ್ಚಿಕೊಂಡೆ.

ಕಾಡಿನ ಮೇಲ್ತುದಿಯಲ್ಲಿ ಒಂದು ಹಳೆಯ ಬೀಚ್ ಮರ ಇದೆ. ಬುಡ ಆನೆಯ ಕಾಲಿನ ಹಾಗೆ, ಕೊಂಬೆಗಳು ನೆಲದವರೆಗೆ. ಅದು ತನ್ನ ಗುಟ್ಟಿನ ಮರ ಎಂದು ಮರ್ವಿನ್ ತಿಳಿದಿದ್ದ. ಆ ಗುಟ್ಟು ಊರಿಗೆಲ್ಲ ಗೊತ್ತೆಂದು ಗೊತ್ತಿಲ್ಲದವನು ಅವನೊಬ್ಬನೇ. ಮೂರುಕಾಲು ಹೂಡಿದ. ನಾನು ಬಳ್ಳಿ ಹಿಡಿದೆ, ಮುಳ್ಳು ನನ್ನನ್ನು ಹಿಡಿಯಿತು. ಇನ್ನೇನು ಕ್ಯಾಮೆರಾ ಗುಂಡಿ ಒತ್ತಬೇಕು, ಅಷ್ಟರಲ್ಲಿ ಮರದ ಕೆಳಗೆ ಒಬ್ಬ ಬಂದು ನಿಂತ.

ಕಂದು ಕೋಟು, ಬಾಗಿದ ಬೆನ್ನು, ಸೊಂಟದ ಮೇಲೆ ಒಂದು ಕೈ. ನಮ್ಮ ಕಡೆಗೆ ಬೆನ್ನು ಹಾಕಿ, ಆ ಕಡೆಯ ಕಣಿವೆಗೆ ತನ್ನ ಕ್ಯಾಮೆರಾ ಹೂಡಿ, ಮಂಜು ಸರಿಯಾಗಿ ಕೂರಲೆಂದು ಕಾಯುತ್ತಿದ್ದ. ಸೊಂಟದ ಮೇಲಿನ ಆ ಕೈ ನನಗೆ ಗೊತ್ತು. ಷೂ ಅಂಗಡಿಯ ಬಾಗಿಲಲ್ಲಿ ಅವನು ನಿಲ್ಲುತ್ತಿದ್ದದ್ದೇ ಹಾಗೆ. ಮರ್ವಿನ್ನನಿಗೂ ಗೊತ್ತು.

"ಹೋಗೋ, ಹೋಗೋ ಮಾರಾಯಾ" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ.

"ಕೂಗಿ ಹೇಳು. ಸ್ವಲ್ಪ ಸರ್ಕೋ ಅಂದ್ರೆ ಸರ್ಕೋತಾನೆ."

"ಮಾತಾಡಲ್ಲ."

ಇವನು ಮಾತಾಡಲಿಲ್ಲ, ಅವನು ಸರಿಯಲಿಲ್ಲ. ಮಂಜು ತೆಳುವಾಗುತ್ತಾ ಬಂತು, ನನ್ನ ಬೆರಳುಗಳು ಮರಗಟ್ಟಿದವು. ಕೊನೆಗೆ ಮರ್ವಿನ್ ಒಂದು ಬಾರಿ ಒತ್ತಿದ. ಅದು ಕೋಪಕ್ಕೆ ಒತ್ತಿದ್ದೋ ಬೇರೆ ಯಾವುದಕ್ಕೋ, ನನಗೆ ತಿಳಿಯದು. ಆಮೇಲೆ ಆಬ್ರಿ ಸರಂಜಾಮು ಕಟ್ಟಿಕೊಂಡು ಹೊರಟ ಮೇಲೆ ಬರಿಯ ಮರವನ್ನೂ ತೆಗೆದ. ಇಳಿಯುವ ದಾರಿಯಲ್ಲಿ ಆಬ್ರಿ ನಮಗೆ ಎದುರೆದುರೇ ಸಿಕ್ಕ. ಅವನ ಕೈಯಲ್ಲೂ ನಾಯಿಹಗ್ಗ ಇತ್ತೆಂದು ಹೇಳಬೇಕೇ?

"ಮಂಜು" ಎಂದ ಆಬ್ರಿ.

"ಹೌದು" ಎಂದ ಮರ್ವಿನ್.

ಅಷ್ಟು ವರ್ಷಗಳ ಮೇಲೆ ಅವರು ಆಡಿದ ಮಾತು ಇಷ್ಟೇ.

ಮನೆಗೆ ಬಂದು ಕಂಪ್ಯೂಟರಿನಲ್ಲಿ ಹಾಕಿ ನೋಡಿದ. ಬರಿಯ ಮರದ ಚಿತ್ರ ನೆಟ್ಟಗಿತ್ತು, ಸರ್ಕಾರಿ ಕಚೇರಿಯ ಹಾಗೆ. ಆಬ್ರಿ ಇದ್ದದ್ದು ಬೇರೆಯೇ. ಅವನು ಸಣ್ಣಗೆ, ಬಾಗಿ ನಿಂತದ್ದರಿಂದ ಮರ ಆಕಾಶದಷ್ಟು ದೊಡ್ಡದಾಗಿ ಕಾಣುತ್ತಿತ್ತು.

"ಅಳಿಸಿಬಿಡು ಅವನನ್ನ" ಎಂದೆ, ಬೇಕೆಂದೇ. "ಒಂದು ಕ್ಷಣದ ಕೆಲಸ."

ಮರ್ವಿನ್ ನನ್ನ ಕಡೆ ತಿರುಗಿ ನೋಡಿದ ನೋಟ, ನಾನು ಚಕ್ರ ಸವರಿಸಿದ ದಿನ ನೋಡಿದ್ದೇ. "ಅಲ್ಲಿ ಇದ್ದನಲ್ಲ, ಗ್ವೆಂಡಾ" ಎಂದ. ಪಂದ್ಯಕ್ಕೆ ಅದನ್ನೇ ಕಳಿಸಿದ.

ಪಂದ್ಯದ ಸಂಜೆ ಚರ್ಚಿನ ಹಾಲು ಜನರಿಂದ ತುಂಬಿತ್ತು. ಅಲ್ಲಿನ ಕ್ರಮ ಹೇಳಿಬಿಡುತ್ತೇನೆ. ಚಿತ್ರಗಳನ್ನು ಒಂದೊಂದಾಗಿ ದೀಪದ ಕೆಳಗಿನ ಹಲಗೆಯ ಮೇಲೆ ಇಡುತ್ತಾರೆ, ಹೆಸರಿಲ್ಲ. ತೀರ್ಪುಗಾರ ಎರಡು ಮಾತಾಡಿ ಇಪ್ಪತ್ತಕ್ಕೆ ಅಂಕ ಕೊಡುತ್ತಾನೆ. ಚಿತ್ರ ಯಾರದೆಂದು ಅವನಿಗೆ ಗೊತ್ತಾಗಕೂಡದು. ಗೊತ್ತಾದರೆ ಆ ಚಿತ್ರಕ್ಕೆ ಸೊನ್ನೆ. ಈ ನಿಯಮ ಮಾಡಿದವನೇ ಮರ್ವಿನ್. ಒಮ್ಮೆ ಒಬ್ಬ ಹೆಂಗಸು ತನ್ನ ಚಿತ್ರ ಬಂದಾಗ ತಡೆಯಲಾರದೆ "ಅಯ್ಯೋ, ನಮ್ಮ ಹಂದಿಗೂಡು!" ಎಂದಳು. ಮರ್ವಿನ್ ಅವಳಿಗೆ ಸೊನ್ನೆ ಹಾಕಿಸಿದ. ಅವಳು ಮತ್ತೆ ಬರಲಿಲ್ಲ. ಹೀಗಾಗಿ ತಮ್ಮ ಚಿತ್ರ ಬಂದಾಗ ಎಲ್ಲರೂ ಸೂರು ನೋಡುತ್ತಾರೆ. ಸೂರು ನೋಡಿದವನದೇ ಚಿತ್ರ ಎಂದು ಅಡಿಗೆಮನೆಯಲ್ಲಿರುವ ನನಗೇ ತಿಳಿಯುತ್ತದೆ.

ತೀರ್ಪುಗಾರನ ಹೆಸರು ಲಯನೆಲ್ ಕ್ರಿಚ್ಲಿ, ವುಸ್ಟರ್ ಕಡೆಯವನು, ಕೊರಳಿಗೆ ರೇಷ್ಮೆ ವಸ್ತ್ರ. ಕಾಡಿನ ನೆಲದ ತುಂಬ ನೀಲಿ ಹೂವಿನ ಚಿತ್ರ ಬಂದಾಗ "ಸುಗಂಧ ಬರ್ತಿದೆ" ಎಂದ. ಬರುತ್ತಿದ್ದದ್ದು ನನ್ನ ಫ್ರೂಟ್ ಕೇಕಿನದು. ನಡುವಿನ ಟೀ ಆಗಿ ಮತ್ತೆ ಕೂತಾಗ ಎರಡೂ ಕಡೆ ಸರಿಸಮ ಓಡುತ್ತಿದ್ದವು. ಆಬ್ರಿಯ ಕಣಿವೆ ಚಿತ್ರಕ್ಕೆ ಹತ್ತೊಂಬತ್ತು ಬಂತು. ಅವನು ಸೂರು ನೋಡುತ್ತಾ ಕುರ್ಚಿಯಿಂದಲೇ ಬೀಳುವುದರಲ್ಲಿದ್ದ. ಕೊನೆಗೆ ಉಳಿದದ್ದು ಒಂದೇ, ಮರ್ವಿನ್ನನ ಬೀಚ್ ಮರ. ಹದಿನಾರು ಬಂದರೂ ಸಾಕಿತ್ತು, ಹೆಸರೂ ಕುರ್ಚಿಯೂ ಅವನದೇ. ನಾನು ಕಪ್ಪು ಒರೆಸುವುದನ್ನು ನಿಲ್ಲಿಸಿದೆ.

ಕ್ರಿಚ್ಲಿ ಹಿಂದೆ ಸರಿದು ನೋಡಿದ, ಮುಂದೆ ಬಗ್ಗಿ ನೋಡಿದ.

"ಮರ ಭವ್ಯ. ಮಂಜು ಮಧುರ. ಆದರೆ ಇದೇನು?" ಕಡ್ಡಿಯಿಂದ ಆಬ್ರಿಯ ಬೆನ್ನಿಗೆ ತಿವಿದ. "ಯಾರೋ ಆಲೂಗಡ್ಡೆ ಚೀಲ ಮರೆತುಹೋದ ಹಾಗಿದೆ. ಕಣ್ಣಿಗೆ ಅಡ್ಡ. ಇದನ್ನು ತೆಗೆದುಹಾಕಿದ್ದರೆ ಇಪ್ಪತ್ತು ಕೊಡುತ್ತಿದ್ದೆ. ಇರಲಿ, ಹದಿನೆಂಟು."

ಹದಿನೆಂಟು! ಗೆದ್ದ. ಮರ್ವಿನ್ನನ ಕಿವಿ ಹಿಂದಿನಿಂದಲೇ ಕೆಂಪಗಾದದ್ದು ಕಂಡಿತು.

"ಯಾರಯ್ಯಾ ಚೀಲ?" ಎಂದು ಒಂದು ಗಂಟಲು ಗುಡುಗಿತು. ಆಬ್ರಿ ಎದ್ದು ನಿಂತಿದ್ದ. "ಅದು ನಾನು! ನನ್ನ ಕೋಟು, ನನ್ನ ಬೆನ್ನು! ಆಲೂಗಡ್ಡೆ ಅಂತೆ! ಅಲ್ಲಿ ಬಂದಿದ್ದೋನು ಈ ಮರ್ವಿನ್ ಪ್ರೊಸರ್. ಬೆನ್ನುನೋವು ಅಂತ ಮಲಗಿರಬೇಕಾದೋನು! ನನ್ನ ಬೆನ್ನ ಹಿಂದೆ ನಿಂತು ನನ್ನ ಬೆನ್ನೇ ಹೊಡ್ಕೊಂಡ್ಹೋಗಿದಾನೆ!"

ಆಮೇಲೆ ತಾನೇನು ಮಾಡಿದೆನೆಂದು ಅವನಿಗೆ ಹೊಳೆಯಿತು. ಬಾಯಿ ಮುಚ್ಚಿ ಕೂತ.

"ನನಗೇನೂ ಕೇಳಿಸಲಿಲ್ಲ" ಎಂದ ಕ್ರಿಚ್ಲಿ, ಸಭ್ಯ ಮನುಷ್ಯ.

"ಎದುರು ಪಕ್ಷದೋರು ಕೂಗಿದ್ರೆ ಲೆಕ್ಕಕ್ಕಿಲ್ಲ" ಎಂದ ನಮ್ಮ ಖಜಾಂಚಿ.

"ಲೆಕ್ಕಕ್ಕಿಲ್ಲ, ಬಿಡಿ ಬಿಡಿ, ನಾನು ಹೇಳಿದ್ದು ಬಿಟ್ಬಿಡಿ" ಎಂದು ಆಬ್ರಿಯೇ ಕೈ ಬೀಸಿದ. ಅವನ ಮುಖ ನೋಡಲಾಗುತ್ತಿರಲಿಲ್ಲ. ಬಾಯಿ ಬಡುಕನಿಗೂ ನಾಚಿಕೆ ಎಂಬುದು ಇರುತ್ತದೆ.

ಎಲ್ಲರೂ ಮರ್ವಿನ್ನನ ಕಡೆ ತಿರುಗಿದರು. ಸುಮ್ಮನೆ ಕೂತಿದ್ದರೆ ಮುಗಿಯುತ್ತಿತ್ತು. ಸುಮ್ಮನಿರೋ ದಡ್ಡ, ಸುಮ್ಮನಿರೋ ಎಂದು ನಾನು ಕಿಟಕಿಯಿಂದ ಟೀ ಬಟ್ಟೆ ಬೀಸಿದೆ. ಅವನು ಎದ್ದ. ಕೋಟಿನ ಗುಂಡಿ ಹಾಕಿಕೊಂಡ.

"ಯಾರು ಹೇಳಿದ್ರು ಅನ್ನೋದನ್ನ ನಿಯಮ ಕೇಳಲ್ಲ. ಗೊತ್ತಾಯ್ತೋ ಇಲ್ವೋ, ಅಷ್ಟೇ. ಗೊತ್ತಾಗಿದೆ." ಒಂದು ಸಾರಿ ಗಂಟಲು ಸರಿಮಾಡಿಕೊಂಡ. "ತಿಳಿಸೋಕೆ ಬೇಜಾರಾಗುತ್ತೆ, ಈ ಚಿತ್ರ ಪಾಸಾಗಿಲ್ಲ. ಸೊನ್ನೆ."

ಹೀಗೆ, ಊರೆಲ್ಲವನ್ನೂ ಫೇಲು ಮಾಡಿ ಉಳಿದಿದ್ದ ಒಬ್ಬನನ್ನೂ ಫೇಲು ಮಾಡಿದ. ತೋಳಿನ ಕುರ್ಚಿಯನ್ನು ತಾನೇ ಎತ್ತಿ ಆಬ್ರಿಯ ಮುಂದೆ ಇಟ್ಟು, ನೆಟ್ಟಗೆ ಅಡಿಗೆಮನೆಗೆ ಬಂದು ಕಪ್ಪು ಒರೆಸತೊಡಗಿದ. ಅದುವರೆಗೆ ಒಂದು ಕಪ್ಪನ್ನೂ ಒರೆಸಿದವನಲ್ಲ. ಒರೆಸಿದ್ದು ಕೂಡ ಕೆಟ್ಟದಾಗಿ.

ಸ್ವಲ್ಪ ಹೊತ್ತಿಗೆ ಆಬ್ರಿ ಬಾಗಿಲಲ್ಲಿ ಬಂದು ನಿಂತ, ಸೊಂಟದ ಮೇಲೆ ಕೈ.

"ಮರ್ವಿನ್, ಮತ್ತೆ ಆಡೋಣ ಪಂದ್ಯಾನ. ಇದು ಗೆಲುವೇ ಅಲ್ಲ."

"ಮುಗೀತು. ಗೆದ್ದೋನು ಕೂರಬೇಕು."

"ಗುರುವಾರ ಬರ್ತೀಯಾ?"

"ಹಾಲು ನಿಮ್ಮಪ್ಪಂದಾ? ಬರ್ತೀನಿ."

ಆಬ್ರಿ ಹೋಗಲಿಲ್ಲ. ಒಂದು ಬಿಸ್ಕತ್ತು ತೆಗೆದುಕೊಂಡು ತಿನ್ನದೆ ಹಿಡಿದುಕೊಂಡ. "ಆ ಚಿತ್ರ ನಂಗೆ ಕೊಡ್ತೀಯಾ? ನಾನಿರೋ ಫೋಟೊ ಮನೇಲಿ ಒಂದೂ ಇಲ್ಲ. ಯಾವಾಗ್ಲೂ ನಾನೇ ತೆಗೆಯೋನು."

"ಕೊಡಲ್ಲ" ಎಂದ ಮರ್ವಿನ್.

ಆಬ್ರಿ ಬಿಸ್ಕತ್ತನ್ನು ಜೇಬಿಗೆ ಹಾಕಿಕೊಂಡು ಹೋದ. ಮರ್ವಿನ್ ಅದೇ ಕಪ್ಪನ್ನು ತಿರುಗಿಸಿ ತಿರುಗಿಸಿ ಒರೆಸಿದ. ಕಪ್ಪಿಗೇ ಬೇಸರ ಬರುವಷ್ಟು.

"ನಿಜ ಹೇಳು, ಗ್ವೆಂಡಾ. ಅವನು ಅಲ್ಲಿ ಅಡ್ಡ ಇದಾನಾ?"

"ಅವನೊಬ್ಬನೇ ಕಣೋ ಅದರಲ್ಲಿ ನೋಡೋ ಹಾಗಿರೋದು. ಮರ ಯಾರ ಹತ್ರ ಇಲ್ಲ?"

"ಹಾಗಾದ್ರೆ ಇಪ್ಪತ್ತು ಬರಬೇಕಿತ್ತು" ಎಂದ ಸಣ್ಣಗೆ.

ಇವನಿಗೆ ಇಪ್ಪತ್ತು ಕೊಟ್ಟರೆ ನಾಳೆಯಿಂದ ಹಿಡಿಯುವವರು ಯಾರು? "ಹದಿನೇಳು" ಎಂದೆ. "ಎಡಗಡೆ ಕೊಂಬೆ ಅಲ್ಲಾಡಿದೆ."

"ಅಲ್ಲಾಡಿಲ್ಲ! ಅವತ್ತು ಗಾಳಿಯೇ ಇರಲಿಲ್ಲ!"

"ಅಲ್ಲಾಡಿದೆ. ನಾನು ಅಲ್ಲೇ ಇದ್ದೆ, ಬಳ್ಳಿ ಹಿಡ್ಕೊಂಡು."

ಒದ್ದೆ ಬಟ್ಟೆಯನ್ನು ಹೆಗಲಿಗೆ ಎಸೆದು, ಚಿತ್ರ ತರಲು ಹಾಲಿಗೆ ನುಗ್ಗಿದ. ತಂದು ನನ್ನ ಕೇಕಿನ ತಟ್ಟೆ ಸರಿಸಿ ದೀಪದ ಕೆಳಗೆ ಇಟ್ಟ. ಹೆಗಲ ಹಿಂದಿನಿಂದ ಆಬ್ರಿಯೂ ಬಗ್ಗಿ ನೋಡುತ್ತಿದ್ದ. ಅವನು ಯಾವಾಗ ತಿರುಗಿ ಬಂದನೋ. "ಅಲ್ಲಾಡಿದೆ" ಎಂದ ಆಬ್ರಿ. "ನೀನು ಬಾಯಿ ಮುಚ್ಚು, ನಿಂಗೇನು ಗೊತ್ತು" ಎಂದ ಮರ್ವಿನ್. ಹಾಲಿಗೆ ಬೀಗ ಹಾಕುವವನು ಬಂದು ಕೀಲಿಕೈ ಕುಲುಕಿದರೂ ಇಬ್ಬರಿಗೂ ಕೇಳಿಸಲಿಲ್ಲ. ನಾನೂ ಅವಸರ ಮಾಡದೆ, ತೊಳೆದಿಟ್ಟ ಕಪ್ಪುಗಳನ್ನೇ ಮತ್ತೊಮ್ಮೆ ತೊಳೆಯಲು ಹಾಕಿದೆ.